ಹುಡುಕಿದರೆ ಸಿಗುವ ಸಂಸಾರ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎಲ್ಲವೂ ಇದೆ. ಬೇಕಾದದ್ದು ಮಾತ್ರ ಸಿಗುವುದಿಲ್ಲ. ಅಜ್ಜನ ಶ್ರಾದ್ಧ ಯಾವ ಮಾಸದ ಯಾವ ತಿಥಿಗೆ ಎಂಬುದು ಅಲ್ಲಿದೆ. ಮೂಲಮನೆಯ ಪಹಣಿಯ ಸರ್ವೆ ನಂಬರು ಅಲ್ಲಿದೆ. ಮಂಡಿನೋವಿಗೆ ಎಣ್ಣೆ ಕೊಡುವ ಪಂಡಿತರ ಫೋನ್ ನಂಬರು, ಗುಡಿಯ ಭಟ್ಟರ ಬ್ಯಾಂಕ್ ಖಾತೆ, ಯಾರೋ ಕೈಯಲ್ಲಿ ಬರೆದ ವಂಶವೃಕ್ಷದ ಫೋಟೋ, ಎಲ್ಲವನ್ನೂ ಒಂದಲ್ಲ ಒಂದು ದಿನ ಯಾರೋ ಪುಣ್ಯಾತ್ಮರು ಹಾಕಿದ್ದಾರೆ. ಹಾಕಿದ ಮರುಗಳಿಗೆಯಿಂದಲೇ ಅದರ ಮೇಲೆ ಗುಲಾಬಿ ಹೂವು, ಹಬೆಯಾಡುವ ಕಾಫಿ ಲೋಟ, ಉದಯಿಸುವ ಸೂರ್ಯ, ಅರಿಸಿನ ನೀರಿನ ಮಹಿಮೆ, ಏಕಾದಶಿಯ ಶುಭಾಶಯ ಬೀಳುತ್ತ ಹೋಗುತ್ತವೆ. ವಾರ ಕಳೆಯುವುದರೊಳಗೆ ಅದು ತರಗೆಲೆಯಡಿ ಸೇರಿದ ಗೋಟಡಿಕೆಯ ಹಾಗೆ. ಇದೆ ಎಂಬುದು ಗೊತ್ತು, ಎಲ್ಲಿದೆ ಎಂಬುದು ಗೊತ್ತಿಲ್ಲ.

ಆದ್ದರಿಂದ ನಮ್ಮಲ್ಲಿ ವರ್ಷವರ್ಷವೂ ಅವೇ ಪ್ರಶ್ನೆಗಳು ಹೊಸದಾಗಿ ಹುಟ್ಟುತ್ತವೆ. "ಅಜ್ಜನ ತಿಥಿ ಈ ಸಲ ಯಾವತ್ತು?" ಎಂದು ಡಲ್ಲಾಸಿನ ತಮ್ಮ ಕೇಳುತ್ತಾನೆ. "ಮೇಲೆ ಹಾಕಿದೀನಲ್ಲೋ, ನೋಡು" ಎಂದು ಅಣ್ಣ ಗದರುತ್ತಾನೆ. ಮೇಲೆ ಎಂದರೆ ಎಷ್ಟು ಮೇಲೆ ಎಂದು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ತಮ್ಮ ಹೆಬ್ಬೆರಳಿನಿಂದ ಉಜ್ಜುತ್ತ ಉಜ್ಜುತ್ತ ಎರಡು ದೀಪಾವಳಿ, ಒಂದು ಕೊರೊನಾ ದಾಟಿ, ಯಾವುದೋ ನಾಮಕರಣದ ಫೋಟೋಗಳ ನಡುವೆ ಸಿಕ್ಕಿಬಿದ್ದು, "ಮಗು ಮುದ್ದಾಗಿದೆ" ಎಂದು ಅಲ್ಲೇ ಒಂದು ಉತ್ತರ ಬರೆದು ಬರುತ್ತಾನೆ. ಆ ಮಗು ಈಗ ಎರಡನೇ ಕ್ಲಾಸು.

ಇದು ಹೀಗೇ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದ್ದು ಹಂಚು. ಮೂಲಮನೆಯ ಪಕ್ಕದ ಗಣಪತಿ ಗುಡಿಯ ಮಾಡು ಸೋರತೊಡಗಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನವಾಗಿ ಮಲೆನಾಡಿನ ದೇವರುಗಳೂ ಸೋಗೆಯ ಮಾಡಿನಿಂದ ಹಂಚಿನ ಮಾಡಿಗೆ ಬಡ್ತಿ ಹೊಂದಿದವು. ನಮ್ಮ ಗಣಪತಿಯೂ ಹಾಗೆ ಬಡ್ತಿ ಪಡೆದವನೇ. ಒಡೆದ ಹಂಚು ಬದಲಾಯಿಸುವ ಮಾತು ಹಿಂದೊಮ್ಮೆ ಗುಂಪಿನಲ್ಲಿ ಬಂದಿತ್ತು. ಖರ್ಚು ತನ್ನದು ಎಂದು ಯಾರೋ ಒಪ್ಪಿಕೊಂಡಿದ್ದರು ಎಂಬುದು ಎಲ್ಲರಿಗೂ ಚೆನ್ನಾಗಿ ನೆನಪಿದೆ. ಯಾರು ಎಂಬಲ್ಲಿ ಮಾತ್ರ ಒಬ್ಬೊಬ್ಬರ ನೆನಪು ಒಂದೊಂದು ದಿಕ್ಕಿಗೆ ಹೋಗುತ್ತದೆ. ಯಾರ ನೆನಪೂ ತಮ್ಮ ಮನೆಯ ದಿಕ್ಕಿಗೆ ಬರುವುದಿಲ್ಲ. ಒಪ್ಪಿದ್ದು ಹಾಸನದ ಭಾವನವರು ಎಂದು ಅಣ್ಣ. ಡಲ್ಲಾಸಿನವನು ಎಂದು ಭಾವನವರು. ಕೊಪ್ಪದ ಚಿಕ್ಕಪ್ಪ ಎಂದು ಡಲ್ಲಾಸಿನವನು. ಚಿಕ್ಕಪ್ಪನಿಗೆ ಗುಡಿ ಸೋರುತ್ತಿರುವುದೇ ಹೊಸ ಸುದ್ದಿ.

ಅಣ್ಣ ತಾಲ್ಲೂಕು ಕಚೇರಿಯಲ್ಲಿ ಇಡೀ ಸರ್ವೀಸು ಕಡತ ಮೇಜಿನಿಂದ ಮೇಜಿಗೆ ದಾಟಿಸಿ ನಿವೃತ್ತನಾದವನು. "ಬಾಯಿಮಾತು ನಡೆಯೋದಿಲ್ಲ. ಗುಂಪಿನ ಎಲ್ಲ ಮಾತೂ ದಾಖಲೆ ಆಗ್ಬೇಕು. ಕೇಳಿದ ಕೂಡಲೆ ತೆಗೆದುಕೊಡೋ ಹಾಗಿರ್ಬೇಕು" ಎಂದು ಅಪ್ಪಣೆಯಾಯಿತು.

ಮೊದಲು ಮುಂದೆ ಬಂದವರು ಕೊಪ್ಪದ ಚಿಕ್ಕಪ್ಪನೇ. ಗುಂಪಿನ ಹೆಸರನ್ನು ಒತ್ತಿ ಹಿಡಿದರೆ ಮೇಲ್ಗಡೆ ಪೆಟ್ಟಿಗೆಯ ಚಿತ್ರವೊಂದು ಬರುತ್ತದೆಂದೂ ಅದರ ಹೆಸರು ಆರ್ಕೈವ್ ಎಂದೂ ಅವರು ಕಂಡುಹಿಡಿದಿದ್ದರು. ಒತ್ತಿದರು. "ಎಲ್ಲ ಆರ್ಕೈವ್ ಆಯ್ತು, ಇನ್ನು ಯೋಚನೆ ಇಲ್ಲ" ಎಂದು ಫೋನ್ ಮಾಡಿ ತಿಳಿಸಿದರು. ಆ ಗುಂಡಿಯ ಕೆಲಸ ಗುಂಪನ್ನು ಕಣ್ಣಿಗೆ ಕಾಣದ ಕಡೆ ಸರಿಸಿಡುವುದಷ್ಟೇ. ಮೊದಲೆಲ್ಲ ಹೊಸ ಮಾತು ಬಂದರೆ ಗುಂಪು ತಾನಾಗಿ ಎದ್ದು ಬರುತ್ತಿತ್ತು. 2021ರಿಂದೀಚೆಗೆ ಬರುವುದೂ ಇಲ್ಲ. ಚಿಕ್ಕಪ್ಪ ಯುಗಾದಿಯವರೆಗೂ ಕಾದರು. ಒಬ್ಬರೂ ಮಾತಾಡುತ್ತಿಲ್ಲ. ಹಂಚಿನ ವಿಷಯಕ್ಕೆ ಎಲ್ಲರೂ ಸೇರಿ ತಮ್ಮನ್ನು ದೂರವಿಟ್ಟಿದ್ದಾರೆಂದು ನಿರ್ಧರಿಸಿ ತಾವೂ ಮುನಿಸಿಕೊಂಡರು. ಮೊಮ್ಮಗನ ಉಪನಯನಕ್ಕೂ ಬರಲಿಲ್ಲ. ಕರೆಯೋಲೆ ಆ ಪೆಟ್ಟಿಗೆಯೊಳಗೇ ಇತ್ತು.

ಕೊನೆಗೆ ಕೆಲಸ ಅಣ್ಣನ ಮಗನ ತಲೆಗೆ ಬಂತು. ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರಿನವನು. ಅಂದಮೇಲೆ ಪ್ರಿಂಟರಿನಿಂದ ಹಿಡಿದು ಮಿಕ್ಸಿಯವರೆಗೆ ವೈರಿರುವುದೆಲ್ಲ ಅವನಿಗೆ ಗೊತ್ತಿರಬೇಕೆಂಬುದು ನಮ್ಮ ಮನೆತನದ ನಂಬಿಕೆ. "ಬಚ್ಚಿಡೋದು ಬೇರೆ, ಕಾಪಿಡೋದು ಬೇರೆ ಚಿಕ್ಕಪ್ಪ" ಎಂದು ನನಗೆ ಪಾಠ ಮಾಡಿದ. ಗುಂಪಿನ ಮಾತನ್ನೆಲ್ಲ ಒಂದು ಪಠ್ಯದ ಫೈಲಾಗಿ ಹೊರಗೆ ತೆಗೆಯಲು ದಾರಿಯಿದೆ. ಫೋಟೋ ಬಿಟ್ಟು ತೆಗೆದರೆ ಇತ್ತೀಚಿನ 40,000 ಸಂದೇಶ, ಫೋಟೋ ಸಮೇತವಾದರೆ 10,000. ಅದಕ್ಕೆ ಹಿಂದಿನದು ಬರುವುದಿಲ್ಲ. ಶುಭೋದಯ ಮತ್ತು ಶುಭರಾತ್ರಿಗಳ ಬಲದಿಂದಲೇ ನಾವು ಆ ಗಡಿಯನ್ನು ಯಾವತ್ತೋ ದಾಟಿದ್ದೆವು. ಆದ್ದರಿಂದ ಹಳೆಯದನ್ನು ಯಾರು ಯಾರು ಯಾವಾಗ ಹೊರತೆಗೆದು ಎಲ್ಲಿಟ್ಟಿದ್ದಾರೆ ಎಂದು ವಿಚಾರಿಸಬೇಕಾಯಿತು. ಇಲ್ಲದ ಕಡೆ ಅವರವರ ಫೋನನ್ನೇ ತರಿಸಬೇಕಾಯಿತು. ತಡವಾಗಿ ಸೇರಿದವರ ಬಳಿ ಹಿಂದಿನದಿಲ್ಲ. ಫೋನು ಬಾವಿಗೆ ಬಿದ್ದವರ ಬಳಿ ಮುಂದಿನದು ಮಾತ್ರ ಇದೆ. ತಾಳೆಗರಿಯ ಪ್ರತಿಗಳನ್ನು ಊರೂರಿಂದ ತರಿಸಿ ಪಂಪನನ್ನು ಪರಿಷ್ಕರಿಸಿದ ವಿದ್ವಾಂಸರು ಪಟ್ಟ ಪಾಡು ನನಗೆ ಆಗ ಅರ್ಥವಾಯಿತು. ಪಾಠಾಂತರಗಳಂತೂ ಧಾರಾಳ. ಒಬ್ಬರು ತಮ್ಮ ಫೋನಿನಲ್ಲಿ ಮಾತ್ರ ಅಳಿಸಿಕೊಂಡು ನಿಶ್ಚಿಂತರಾಗಿದ್ದ ಮಾತು ಇನ್ನೊಬ್ಬರ ಪ್ರತಿಯಲ್ಲಿ ನಳನಳಿಸುತ್ತಿತ್ತು. ಅತ್ತಿಗೆಯ ಬಜ್ಜಿಯ ಬಗ್ಗೆ ಚಿಕ್ಕಮ್ಮ ಬರೆದಿದ್ದ ಒಂದು ಸಾಲು ಹಾಗೆ ಸಿಕ್ಕಿತು. "ಅದು ನಾನು ಬರೆದದ್ದಲ್ಲ, ಮೊಮ್ಮಗ ಫೋನ್ ಹಿಡ್ಕೊಂಡಿದ್ದ" ಎಂದರು ಚಿಕ್ಕಮ್ಮ. ವಿದ್ವಾಂಸರ ಭಾಷೆಯಲ್ಲಿ ಪ್ರಕ್ಷಿಪ್ತ.

ಎಲ್ಲಕ್ಕಿಂತ ತುಂಬಿದ ಪ್ರತಿ ದೊರೆತದ್ದು ಹಾಸನದ ಭಾವನವರ ಫೋನಿನಲ್ಲಿ. ಅವರು ಏನನ್ನೂ ಅಳಿಸುವವರಲ್ಲ. ಬಸ್ ಟಿಕೆಟನ್ನೂ ಎಸೆಯದ ಮನುಷ್ಯ. ಅದನ್ನೇ ಮೂಲಪ್ರತಿಯೆಂದು ಇಟ್ಟುಕೊಂಡು ಹುಡುಗ ಎಲ್ಲರಿಗೂ ಕಳಿಸಿದ. ಹೀಗೆ ಹೊರತೆಗೆದಾಗ ಮಾತಾಡಿದವರ ಹೆಸರು ಆ ಫೋನಿನ ಯಜಮಾನ ಹೇಗೆ ಬರೆದಿಟ್ಟುಕೊಂಡಿದ್ದಾನೋ ಹಾಗೆಯೇ ಬರುತ್ತದೆ. ಅಣ್ಣನ ಹೆಸರು 'ತಾಲ್ಲೂಕಾಫೀಸು' ಎಂದಿತ್ತು. ನಾನು 'ಶಿವಮೊಗ್ಗ ಅಡಿಕೆ ರೇಟು'. ತಮ್ಮ 'ಡಲ್ಲಾಸ್ ಡಾಲರ್'. ಸಾಗರದ ಅತ್ತೆ 'ಸಾಗರ ಚಾರ್ಜ್ ನೋಡ್ಕೊಂಡು'. ಮೂವತ್ತು ವರ್ಷದಿಂದ ಜತೆಯಲ್ಲಿ ಸಂಸಾರ ಮಾಡಿದ ನನ್ನ ತಂಗಿ 'ಮನೆ ಹೊಸ ಸಿಮ್'. ಕೊಪ್ಪದ ಚಿಕ್ಕಮ್ಮ 'ಕೊಪ್ಪ ಆಮೇಲೆ'. ಇದರಿಂದ ಇಡೀ ದಾಖಲೆಗೆ ಒಂದು ನಾಟಕದ ಕಳೆ ಬಂದಿತ್ತು. 'ಕೊಪ್ಪ ಆಮೇಲೆ: ಇವರಿಗೆ ಎದೆ ಉರಿ, ಯಾರಾದರೂ ತಕ್ಷಣ ಫೋನ್ ಮಾಡಿ' ಎಂಬಂಥ ಸಾಲುಗಳಿದ್ದವು. ಭಾವನವರ ಹೆಸರು ಮಾತ್ರ ಅವರೇ ಇಟ್ಟುಕೊಂಡದ್ದು: 'ಸರಳ ಜೀವನ'. ಹೆಸರು ತಿದ್ದಿ ಕಳಿಸಬಾರದಿತ್ತೇನೋ ಎಂದು ಹುಡುಗನನ್ನು ಕೇಳಿದೆ. "ಮೂಲಪ್ರತಿಗೆ ಕೈ ಹಾಕ್ಬಾರದು ಚಿಕ್ಕಪ್ಪ" ಎಂದ. ಆ ವಾರ ತಂಗಿ ಹಾಸನದಲ್ಲಿ ಏನು ಅಡಿಗೆ ಮಾಡಿದಳೋ, ಮಾಡಿದಳೋ ಇಲ್ಲವೋ, ನಾನು ವಿಚಾರಿಸಲಿಲ್ಲ.

"ಹರಟೆ ಹೊಡೆದಿದ್ದನ್ನೆಲ್ಲ ಯಾರಾದ್ರೂ ಕಟ್ಟಿಡ್ತಾರೇನೋ?" ಎಂದು ಚಿಕ್ಕಮ್ಮ ಆಕ್ಷೇಪ ಎತ್ತಿದಾಗ ಹುಡುಗ ಟೊರಾಂಟೊ ಕಥೆ ತೆಗೆದ. ಮನೆಮನೆಗೆ ಇಂಟರ್ನೆಟ್ಟು ಬರುವುದಕ್ಕೆ ಬಹಳ ಮೊದಲು, 1980ರ ಸುಮಾರಿಗೆ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಹರಟೆಕಟ್ಟೆಯನ್ನು ಹುಟ್ಟುಹಾಕಿದರಂತೆ. ಆಗ ಡಿಸ್ಕಿನಲ್ಲಿ ಜಾಗ ತುಟ್ಟಿ. ಆಡಿದ ಮಾತು ಕೆಲವು ವಾರ ಇದ್ದು ತಾನಾಗಿ ಅಳಿಸಿಹೋಗುತ್ತಿತ್ತು. ಆ ಧೈರ್ಯದ ಮೇಲೇ ಜನ ಬಾಯಿ ಬಿಡುತ್ತಿದ್ದರು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ ಎಂಬಾತ ಮಾತ್ರ 1981ರಿಂದ 1991ರವರೆಗೆ ಅದನ್ನೆಲ್ಲ ಟೇಪಿಗೆ ತುಂಬಿ ತುಂಬಿ ಇಟ್ಟ. 141 ಟೇಪು, ಸುಮಾರು 20 ಲಕ್ಷ ಸಂದೇಶ. ಪ್ರಾಣಿಶಾಸ್ತ್ರ ವಿಭಾಗ ಎಂದದ್ದು ನನಗೆ ಬಹಳ ಸರಿಯೆನಿಸಿತು. ನಮ್ಮ ಗುಂಪನ್ನು ಕಾಪಿಡುವುದಕ್ಕೂ ಅದಕ್ಕಿಂತ ತಕ್ಕ ವಿಭಾಗ ಇರಲಾರದು.

1995ರಲ್ಲಿ ಡೆಜಾ ನ್ಯೂಸ್ ಎಂಬ ಕಂಪನಿ ಈ ಹರಟೆಯನ್ನು ಹುಡುಕಲು ಬರುವಂತೆ ಮಾಡಿತು. 2001ರ ಫೆಬ್ರವರಿಯಲ್ಲಿ ಗೂಗಲ್ ಆ ಭಂಡಾರವನ್ನು ಕೊಂಡುಕೊಂಡಿತು. ಸ್ಪೆನ್ಸರನ ಟೇಪುಗಳೂ ಅದಕ್ಕೆ ಸೇರಿ, ಅದೇ ಡಿಸೆಂಬರಿಗೆ 20 ವರ್ಷದ 70 ಕೋಟಿಗೂ ಮಿಕ್ಕಿದ ಸಂದೇಶಗಳು ಯಾರು ಬೇಕಾದರೂ ತೆರೆದು ನೋಡುವಂತಾದವು. ಅದರಲ್ಲಿ ರತ್ನಗಳೂ ಇದ್ದವು. 1991ರ ಆಗಸ್ಟಿನಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ತಾನು ಹವ್ಯಾಸಕ್ಕೆಂದು ಒಂದು ಕಾರ್ಯವ್ಯವಸ್ಥೆ ಬರೆಯುತ್ತಿದ್ದೇನೆ, ದೊಡ್ಡದೇನಲ್ಲ ಎಂದು ಸಂಕೋಚದಿಂದ ತಿಳಿಸಿದ್ದು ಅಲ್ಲೇ. ಅದು ಲಿನಕ್ಸ್ ಆಯಿತು. ಉಳಿದದ್ದು ಜಗಳ. ಹುಡುಗು ಬುದ್ಧಿಯಲ್ಲಿ ಯಾರನ್ನೋ ಬೈದು ಮರೆತವರು ಈಗ ಮೇಷ್ಟರೋ ಮ್ಯಾನೇಜರೋ ಆಗಿ ಕೂತಿದ್ದಾಗ ಆ ಬೈಗಳು ಹೆಸರಿನ ಸಮೇತ ಎದ್ದು ಬಂದವು. ಅಂಥವರಿಗಾಗಿಯೇ ಒಂದು ಉಪಾಯವೂ ಇತ್ತು: ಸಂದೇಶದ ತಲೆಯಲ್ಲಿ 'ಎಕ್ಸ್-ನೋ-ಆರ್ಕೈವ್' ಎಂದು ಒಂದು ಸಾಲು ಬರೆದರೆ ಅದನ್ನು ಭಂಡಾರಕ್ಕೆ ಸೇರಿಸುತ್ತಿರಲಿಲ್ಲ. ನಮ್ಮ ಕಡೆ ಹೆಂಗಸರು "ಇದು ನಿನ್ನಲ್ಲೇ ಇರ್ಲಿ ಮಾರಾಯ್ತಿ" ಎಂದು ಪೀಠಿಕೆ ಹಾಕುತ್ತಾರಲ್ಲ, ಅದೇ. ಫಲವೂ ಅದೇ. ಆ ಸಂದೇಶವನ್ನು ಎತ್ತಿ ಹೇಳಿ ಇನ್ನೊಬ್ಬ ಉತ್ತರ ಬರೆದರೆ ಉತ್ತರದೊಳಗೆ ಕೂತು ಗುಟ್ಟು ಭಂಡಾರ ಸೇರುತ್ತಿತ್ತು.

ಸರಿ, ಇಡುವುದು ಆಯಿತು. ಇಟ್ಟದ್ದು ಸಿಗಬೇಕಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದಿತ್ತು, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ಇದು ಇಂಥದ್ದು ಎಂದು ಗುರುತಿಸುವವರೆಗೆ, 1909ರಲ್ಲಿ ಅಚ್ಚು ಹಾಕಿಸುವವರೆಗೆ, ಲೋಕದ ಪಾಲಿಗೆ ಅದು ಇದ್ದೂ ಇರಲಿಲ್ಲ. ನಮಗೆ ಬೇಕಾಗಿದ್ದದ್ದು ಅಷ್ಟು ದೊಡ್ಡ ಗ್ರಂಥವಲ್ಲ, ಹಂಚು. ಅಣ್ಣ ಕನ್ನಡಕ ಏರಿಸಿ 'ಹಂಚು' ಎಂದು ಬಡಿದ. ಏನೂ ಸಿಗಲಿಲ್ಲ. ಯಾಕೆಂದರೆ ನಮ್ಮ ಗುಂಪಿನಲ್ಲಿ ಯಾರೂ ಬರಿಯ ಹಂಚಿನ ಬಗ್ಗೆ ಮಾತಾಡುವುದಿಲ್ಲ. ಹಂಚಿನ ರೇಟು, ಹಂಚಿಗೆ ಅಡ್ವಾನ್ಸು, ಹಂಚಿಲ್ಲದ ಗುಡಿ. ವಿಭಕ್ತಿ ಹತ್ತಿದ ಕೂಡಲೇ ಕೊನೆಯ ಉಕಾರ ಹಾರಿಹೋಗಿ ಅಲ್ಲಿ ಬೇರೆ ಸ್ವರ ಕೂರುತ್ತದೆ. ನಮಗೆ ಅದು ಅದೇ ಹಂಚು. ಒಂದೊಂದು ಸ್ವರಚಿಹ್ನೆಗೂ ಬೇರೆ ಬೇರೆ ನಂಬರು ಕೊಟ್ಟು ಲೆಕ್ಕ ಇಡುವ ಕಂಪ್ಯೂಟರಿಗೆ ಅದು ಬೇರೆಯೇ ಪದಾರ್ಥ. ನೀರು ಹುಡುಕಿದರೆ ನೀರಿಗೆ ಸಿಗದು, ಊರು ಹುಡುಕಿದರೆ ಊರಲ್ಲಿ ಸಿಗದು, ಉಪ್ಪು ಹುಡುಕಿದರೆ ಉಪ್ಪಿನಕಾಯಿ ಸಿಗದು. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಉರುಹೊಡೆಯುವಾಗ ಇದರಿಂದ ಏನು ಪ್ರಯೋಜನ ಎಂದು ಕೇಳಿದ್ದಕ್ಕೆ ಪಂಡಿತರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಪ್ರಯೋಜನ ಇದು ಎಂದು ಅವರಿಗೂ ಗೊತ್ತಿರಲಿಲ್ಲ, ಪಾಪ.

"ಕೊನೇ ಸ್ವರ ಬಿಟ್ಟು ಹುಡುಕಿ ಅಪ್ಪ, 'ಹಂಚ' ಅಂತ ಹೊಡೀರಿ" ಎಂದ ಹುಡುಗ. ಅಣ್ಣ ಹೊಡೆದ. ಪ್ರವಾಹ ಬಂತು. ಈ ಮಾಹಿತಿಯನ್ನು ಎಲ್ಲರಿಗೂ ಹಂಚಿ. ಹತ್ತು ಜನರಿಗೆ ಹಂಚಿದರೆ ಸಂಜೆಯೊಳಗೆ ಶುಭವಾರ್ತೆ. ಹಂಚದಿದ್ದರೆ ಕೇಡು. ಒಬ್ಬ ತಾಯಿಯ ಕಣ್ಣೀರಿನ ಕಥೆ, ಕಲ್ಲು ಹೃದಯದವರು ಮಾತ್ರ ಹಂಚಲಾರರು. ನಮ್ಮ ಕುಟುಂಬ ಇಷ್ಟು ವರ್ಷದಲ್ಲಿ ಗುಡಿಗೆ ಹಾಕಿಸದ ಹಂಚನ್ನೆಲ್ಲ ಪರಸ್ಪರ ಹಂಚಿಕೊಂಡು ಮುಗಿಸಿತ್ತು.

ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಎಳೆಯರದ್ದು ಬೇರೆ ಸಂಕಟ. 'ಊಟ' ಎಂಬ ಎರಡಕ್ಷರವನ್ನು ಅವರು ಎಷ್ಟು ಬಗೆಯಲ್ಲಿ ಬರೆಯಬಲ್ಲರೆಂದರೆ, ಒಬ್ಬನೇ ಹುಡುಗ ಬೆಳಿಗ್ಗೆ ಬರೆದಂತೆ ರಾತ್ರಿ ಬರೆಯುವುದಿಲ್ಲ. ಫೋಟೋಗಳೊಳಗಿನ ಅಕ್ಷರವನ್ನು ಓದಿಸಲು ಟೆಸೆರಾಕ್ಟ್ ಎಂಬ ಪುಕ್ಕಟೆ ತಂತ್ರಾಂಶವಿದೆ, ಅದು ಕನ್ನಡವನ್ನೂ ಬಲ್ಲದು. ಆದರೆ ಲಗ್ನಪತ್ರಿಕೆಯ ಬಳ್ಳಿ ಸುತ್ತಿದ ಅಕ್ಷರಗಳ ಮುಂದೆ ಅದು ಕೈಮುಗಿಯಿತು. ವಂಶವೃಕ್ಷದಲ್ಲಿ ಅಜ್ಜನ ಕೈಬರಹವನ್ನಂತೂ ಅಜ್ಜಿಯೇ ಓದುತ್ತಿರಲಿಲ್ಲ.

ನಿಜವಾದ ಗಂಟು ಬಿದ್ದದ್ದು ಸಾಗರದ ಅತ್ತೆಯ ಹತ್ತಿರ. ಎಂಬತ್ತು ದಾಟಿದ ಅತ್ತೆ ಟೈಪು ಮಾಡುವುದಿಲ್ಲ. ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡುತ್ತಾರೆ. ಬಿಡುವುದು ಹೆಬ್ಬೆರಳು ಸೋತಾಗ. ಗುಂಪಿನ ಒಳ್ಳೆಯ ಸರಕೆಲ್ಲ ಅಲ್ಲಿರುವುದು. ಯಾರ ಮದುವೆ ಹೇಗೆ ತಪ್ಪಿತು, ಯಾವ ತೋಟ ಯಾಕೆ ಮಾರಿದರು, ಬಾಣಂತಿಗೆ ಯಾವ ಲೇಹ, ಅಪ್ಪೆಹುಳಿಗೆ ಎಷ್ಟು ನೀರು. ಹುಡುಗ ಮಾತನ್ನು ಅಕ್ಷರ ಮಾಡುವ ತಂತ್ರಾಂಶವೊಂದನ್ನು ತಂದು ಅತ್ತೆಯ ದನಿಯನ್ನೆಲ್ಲ ಅದರೊಳಗೆ ಹಾಯಿಸಿದ. ಅಪ್ಪೆಹುಳಿ ಗೊತ್ತಿಲ್ಲದವರಿಗೆ: ಅಪ್ಪೆಮಿಡಿಯನ್ನು ಬೇಯಿಸಿ ಕಿವುಚಿ, ನೀರು ಬೆರೆಸಿ, ಉಪ್ಪು ಹಾಕಿ, ಮೆಣಸಿನಕಾಯಿ, ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟು ಬೇಸಗೆಯಲ್ಲಿ ಲೋಟಗಟ್ಟಲೆ ಕುಡಿಯುವಂಥದ್ದು, ಕುಡಿದವನು ನಾಲ್ಕು ಗಂಟೆಗೆ ಮೊದಲು ಏಳುವುದಿಲ್ಲ. ಅತ್ತೆ ಹೇಳಿದ್ದು "ಅಪ್ಪೆಹುಳಿಗೆ ಒಗ್ಗರಣೆ ಕೊಡಬೇಕು" ಎಂದು. ದಾಖಲೆಯಲ್ಲಿ ಬಂದದ್ದು: 'ಅಪ್ಪ ಹುಲಿಗೆ ಒಬ್ಬರನ್ನೇ ಕೊಡಬೇಕು.'

ಬಕಾಸುರನ ಕಾಲದ ಯಾವುದೋ ಒಪ್ಪಂದಪತ್ರ ಓದಿದ ಹಾಗಾಯಿತು. ತಿದ್ದಲೆಂದು ಅತ್ತೆಗೆ ಫೋನ್ ಮಾಡಿ, ಒಮ್ಮೆ ಸರಿಯಾಗಿ ಬರೆಸಿಬಿಡಿ, ಆಮೇಲೆ ಯಾರು ಯಾವಾಗ ಹುಡುಕಿದರೂ ಸಿಗುತ್ತದೆ ಎಂದೆ. ಅತ್ತೆಗೆ ಸಿಟ್ಟು ಬಂತು. "ಹುಡುಕಿದ್ರೆ ಸಿಗೋದಾದ್ರೆ ನಂಗ್ಯಾರು ಫೋನ್ ಮಾಡ್ತಾರೋ? ಈಗಾದ್ರೆ ಮಿಡಿ ಬಂದ ಕೂಡಲೆ ವರ್ಷಕ್ಕೊಂದ್ಸಲ ಡಲ್ಲಾಸಿಂದ ಕೇಳ್ತಾನೆ. ಹೇಳಿದ್ದನ್ನೇ ಹೇಳ್ತೀನಿ, ಕೇಳಿದ್ದನ್ನೇ ಕೇಳ್ತಾನೆ. ನಿಮ್ಮ ಪೆಟ್ಟಿಗೆಗೆ ಏನು ಕಷ್ಟ ಅದ್ರಲ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಆ ವರ್ಷದ ಅಡಿಕೆ ಕೊಳೆರೋಗದ ಸಮಾಚಾರ ಎತ್ತಿಕೊಂಡರು. ನಾನು ಚಾರ್ಜ್ ನೋಡಿಕೊಳ್ಳದೆ ಮಾಡಿದ್ದೆ.

ಕೊನೆಗೂ ಹಂಚಿನ ಪ್ರಕರಣ ಸಿಕ್ಕಿತು. ಪದ ಬಿಟ್ಟು ತಾರೀಖು ಹಿಡಿದು ಹೋದ ಅಣ್ಣನಿಗೆ, ಯಾವುದೋ ಗೌರಿಹಬ್ಬದ ಹಿಂದಿನ ದಿನ ಸಿಕ್ಕಿತು. 'ತಾಲ್ಲೂಕಾಫೀಸು: ಗುಡಿ ಸೋರುತ್ತಿದೆ. ಹಂಚಿನ ವಿಷಯ ಏನು ಮಾಡೋಣ?' 'ಸರಳ ಜೀವನ: ಮಾಡೋಣ.' 'ಡಲ್ಲಾಸ್ ಡಾಲರ್: ಖಂಡಿತ ಮಾಡೋಣ.' ಚಿಕ್ಕಪ್ಪನ ಕಡೆಯಿಂದ ಮಾಡಲೇಬೇಕು ಎಂದಿತ್ತು. ಆಮೇಲೆ ಸಾಲಾಗಿ ಹೆಬ್ಬೆರಳುಗಳು. ಆಮೇಲೆ ಗೌರಿಯ ಫೋಟೋ. ಅಷ್ಟೇ. ಮಾಡುವವರೆಲ್ಲ ಇದ್ದರು, ಮಾಡುತ್ತೇನೆಂದವನೊಬ್ಬನೂ ಇರಲಿಲ್ಲ.

ಇದರಿಂದ ಗುಡಿಗೆ ಆದ ನಷ್ಟ ದೊಡ್ಡದು. ದಾಖಲೆ ಸಿಗುವವರೆಗೆ ಮೂವರಿಗೂ ತಾನೇ ಒಪ್ಪಿಕೊಂಡಿದ್ದೆನೋ ಏನೋ ಎಂಬ ಅಳುಕು ಒಳಗೊಳಗೇ ಇತ್ತು. ಭಾವನವರು ಹಾಸನದಲ್ಲಿ ಹಂಚಿನ ರೇಟು ವಿಚಾರಿಸಿದ್ದರೆಂದು ತಂಗಿ ನನಗೆ ಹೇಳಿದ್ದಳು. ತಮ್ಮ ಡಾಲರಿನ ಲೆಕ್ಕ ಕೇಳಿದ್ದ. ಇನ್ನೊಂದು ಮಳೆಗಾಲ ಅಳುಕಿದ್ದರೆ ಇಬ್ಬರಲ್ಲಿ ಒಬ್ಬರು ದುಡ್ಡು ಬಿಚ್ಚುತ್ತಿದ್ದರೆಂದು ನಾನು ಈಗಲೂ ನಂಬಿದ್ದೇನೆ. ದಾಖಲೆ ಬಂದು ಎಲ್ಲರನ್ನೂ ಖುಲಾಸೆ ಮಾಡಿತು.

ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರು. ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು, ಬಿ.ಎಲ್. ರೈಸ್ ಆ ಕಲ್ಲುಗಳನ್ನೆಲ್ಲ ಓದಿಸಿ 1886ರಿಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕುವಾರು ಜೋಡಿಸಿಟ್ಟ. ಆ ದಾನಶಾಸನಗಳ ಕೊನೆಗೆ, ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆಂಬ ಶಾಪ ಇರುತ್ತದೆ. ದಿನನಿತ್ಯದ ಲೆಕ್ಕಕ್ಕೆ ಬೇರೆ ಏರ್ಪಾಡು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಅದೇ ಕಡತ. ಬೇಕಾದರೆ ಒರೆಸಿ ಮತ್ತೆ ಬರೆಯಬಹುದು. ಶಾನುಭೋಗರ ಏಳಿಗೆಯ ಗುಟ್ಟೆಲ್ಲ ಆ ಒರೆಸುವುದರಲ್ಲಿತ್ತು ಎಂದು ನಮ್ಮಜ್ಜ ಹೇಳುತ್ತಿದ್ದರು. ಉಳಿಯಬೇಕಾದದ್ದಕ್ಕೆ ಕಲ್ಲು, ಅಳಿಯಬೇಕಾದದ್ದಕ್ಕೆ ಬಳಪ. ನಾವು 'ಶುಭೋದಯ'ವನ್ನು ಕಲ್ಲಿಗೆ ಹಾಕಿ ದಾನವನ್ನು 'ಮಾಡೋಣ' ಎಂದು ಬಳಪದಲ್ಲಿ ಬರೆಯುವ ಪೈಕಿ. 2017ರಲ್ಲಿ, ಕಳಿಸಿದ ಸಂದೇಶವನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಕರ್ಯ ಬಂದ ಮೇಲಂತೂ ಒರೆಸಲು ಶಾನುಭೋಗರೂ ಬೇಡ. ಅಳಿಸಿದವರಿಗೆ ಅರವತ್ತು ಸಾವಿರ ವರ್ಷದ ಆ ಶಾಪವನ್ನು ಗುಂಪಿನ ವಿವರಣೆಯಲ್ಲಿ ಹಾಕೋಣವೇ ಎಂದು ಅಣ್ಣ ಗಂಭೀರವಾಗಿ ಕೇಳಿದ್ದ. ಅತ್ತಿಗೆ ಬೇಡವೆಂದರು, ಬಜ್ಜಿಯ ಸಾಲಿಗೆ ಉತ್ತರವಾಗಿ ತಾವು ಬರೆದದ್ದನ್ನು ಅವರು ಆಗತಾನೇ ಅಳಿಸಿದ್ದರು.

ಹುಡುಕಲು ಬಂದ ಮೇಲೆ ಜನ ಹುಡುಕಿದ್ದೇನು? ತಿಥಿಯನ್ನಲ್ಲ, ಪಹಣಿಯನ್ನಲ್ಲ, ತಮ್ಮ ತಮ್ಮ ಹೆಸರನ್ನು. ಒಬ್ಬೊಬ್ಬರೂ ಒಂದೊಂದು ಮಧ್ಯಾಹ್ನ ಕದ ಹಾಕಿಕೊಂಡು ಕೂತು, ತಾವಿಲ್ಲದಾಗ ತಮ್ಮ ಬಗ್ಗೆ ಯಾರು ಏನೆಂದರು ಎಂದು ನೋಡಿಕೊಂಡರು. ಸಾಯಂಕಾಲ ಕದ ತೆರೆದವರ ಮುಖ ಬೇರೆಯಾಗಿರುತ್ತಿತ್ತು. ಗುಂಪಿನ ಭಾಷೆ ಬದಲಾಯಿತು. ಅಣ್ಣ 'ಸದರಿ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುಮಾಡತೊಡಗಿದ. ಭಾವನವರು 'ನನ್ನ ದಿನಾಂಕ ಮೂರರ ಸಂದೇಶವನ್ನು ಗಮನಿಸುವುದು' ಎಂದು ಬರೆದರು. ತಮ್ಮನಂತೂ 'ತಿಳಿದುಬಂದಿದೆ' ಎಂದು ಮಾತ್ರ ಉತ್ತರಿಸುತ್ತಿದ್ದ. ಹುಟ್ಟುಹಬ್ಬದ ಶುಭಾಶಯಕ್ಕೂ ಅದೇ.

ಒಂದು ದಿನ ಅತ್ತಿಗೆ ಸದ್ದಿಲ್ಲದೆ ಇನ್ನೊಂದು ಗುಂಪು ತೆರೆದರು. ಹೆಸರು 'ಜಗಲಿ'. ಅದರಲ್ಲಿ ಆಡಿದ ಮಾತು ಏಳು ದಿನಕ್ಕೆ ತಾನಾಗಿ ಮಾಯವಾಗುವಂತೆ ಒತ್ತಬೇಕಾದ ಕಡೆ ಒತ್ತಿ, ತಮ್ಮ ಮಗನೊಬ್ಬನನ್ನು ಬಿಟ್ಟು ಎಲ್ಲರನ್ನೂ ಸೇರಿಸಿದರು. ಗಾಳಿ ಬೆಳಕು ಬಂದ ಹಾಗಾಯಿತು. ಜಗಳ ಮತ್ತೆ ಶುರುವಾಯಿತು, ರಾಜಿಯೂ ಆಯಿತು; ಚಿಕ್ಕಪ್ಪ ಮುನಿಸು ಬಿಟ್ಟರು. ಗೆಲುವಿನಲ್ಲಿದ್ದ ಒಂದು ರಾತ್ರಿ ಹಾಸನದ ಭಾವನವರು, ಹೇಗೂ ಏಳು ದಿನದ ಮಾತು ಎಂಬ ಉದಾರತೆಯಲ್ಲಿ, 'ಹಂಚಿನ ಖರ್ಚು ಪೂರ್ತಿ ನನ್ನದು' ಎಂದು ಬರೆದುಬಿಟ್ಟರು.

ಅತ್ತೆಗೆ ಯಾವ ಗುಂಪು ಯಾವುದು ಎಂಬ ಭೇದವಿಲ್ಲ. ಬೆಳಗಾಗುವುದರೊಳಗೆ ಹಳೆಯ ಗುಂಪಿನಲ್ಲಿ ಮೈಕು ಒತ್ತಿ ಹಿಡಿದು, ಅಳಿಯಂದಿರ ವಂಶವನ್ನು ಹೊಗಳಿ, ಅವರ ತಾಯಿಯ ಕೈಯ ಚಕ್ಕುಲಿ ನೆನೆದು, "ಹಾಸನದ ಅಳಿಯ ಹಂಚು ಕೊಡ್ತಾರಂತೆ" ಎಂದು ಲೋಕಕ್ಕೆ ಸಾರಿದರು. ಹುಡುಗನ ಯಂತ್ರ ಎಚ್ಚರವಾಗಿಯೇ ಇತ್ತು. ಕೇಳಿಸಿಕೊಂಡು ದಾಖಲಿಸಿತು: 'ಹಾಸನದ ಹಳೆಯ ಮಂಚ ಕೊಡ್ತಾರಂತೆ.'

ಎಂಟನೆಯ ದಿನ ಅಣ್ಣ ಭಾವನವರಿಗೆ ಫೋನ್ ಮಾಡಿ ಹಂಚಿನ ಮಾತೆತ್ತಿದ. ಭಾವನವರು ಶಾಂತವಾಗಿ, ದಾಖಲೆ ತೆಗೆದು ನೋಡಿ, ನೀವೇ ಮಾಡಿಸಿದ್ದಲ್ಲವೇ ಎಂದರು. ಅಣ್ಣ ತೆಗೆದು ನೋಡಿದ. ದಾಖಲೆಯ ವಿರುದ್ಧ ಮಾತಾಡಿ ಅವನಿಗೆ ಅಭ್ಯಾಸವಿಲ್ಲ.

ಮಂಚ ಬಂತು. ಬೀಟೆಯದ್ದು, ಗಟ್ಟಿಮುಟ್ಟು, ಒಂದು ಕಾಲು ಸ್ವಲ್ಪ ಮೋಟು. ಗುಡಿಯ ಜಗಲಿಯಲ್ಲಿ ಹಾಕಿಸಿದ್ದೇವೆ. ಮಧ್ಯಾಹ್ನದ ನೈವೇದ್ಯ ಮುಗಿಸಿ, ಮೂಲಮನೆಯವರು ಕೊಟ್ಟ ಅಪ್ಪೆಹುಳಿ ಕುಡಿದು ಭಟ್ಟರು ಅದರ ಮೇಲೆ ಮಲಗುತ್ತಾರೆ. ಮಳೆ ಬಂದರೆ ಎದ್ದು, ಸೋರದ ಕಡೆಗೆ ಎಳೆದುಕೊಂಡು, ಮತ್ತೆ ಮಲಗುತ್ತಾರೆ.